ಊರು ಕಟ್ಟೋ ಮೊದಲು ಬಾಗಿಲು ಇಡಿ: ದೇವನೂರಿನ ಕವಿ ಕಟ್ಟಿದ ನಗರಗಳು

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಗೇಮ್ ಮಾಡೋಕೆ ಹೊರಟಿದ್ವಿ. ಇಬ್ಬರದು ಕೋಡ್, ಒಬ್ಬಳದು ಚಿತ್ರ, ಕಥೆ ಮತ್ತು ಮ್ಯಾಪ್ ನನ್ನ ಪಾಲಿಗೆ. ಎರಡು ರಾತ್ರಿ ಹಾಸ್ಟೆಲ್ ರೂಮಲ್ಲಿ ಕೂತು ನಾನೊಂದು ನಗರ ಬರೆದೆ. ದುಂಡಗಿನ ಗೋಡೆ, ನಾಲ್ಕು ದಿಕ್ಕಿಗೆ ನಾಲ್ಕು ಗೇಟು, ನಟ್ಟನಡುವೆ ಅರಮನೆ, ಒಂದು ಕಡೆ ಮಂತ್ರವಾದಿಗಳ ಬಡಾವಣೆ, ಇನ್ನೊಂದು ಕಡೆ ಕಳ್ಳರ ಬಡಾವಣೆ. ಹೆಸರುಗಳೆಲ್ಲ ಇಂಗ್ಲಿಷ್ ಸೀರೀಸ್ ನೋಡಿ ನೋಡಿ ಬಾಯಿಗೆ ಬಂದವು.

ಚಿತ್ರ ಬಿಡಿಸೋ ಗೆಳತಿ ಮ್ಯಾಪ್ ನೋಡಿ ಎರಡೇ ಪ್ರಶ್ನೆ ಕೇಳಿದಳು. "ಈ ಊರಿನೋರು ನೀರು ಎಲ್ಲಿಂದ ತರ್ತಾರೆ? ಮತ್ತೆ ನಾಲ್ಕು ಗೇಟು ಯಾಕೆ, ಒಂದೊಂದರಿಂದ ಯಾರು ಬರ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮ್ಯಾಪ್ ಚೆನ್ನಾಗಿ ಕಾಣಲಿ ಅಂತ ನಾಲ್ಕು ಇಟ್ಟಿದ್ದೆ, ಅಷ್ಟೆ.

ಆ ವಾರ ಊರಿಗೆ ಫೋನ್ ಮಾಡಿದಾಗ ತಾತನಿಗೆ ಈ ಕಥೆ ಹೇಳಿದೆ. ನಮ್ಮದು ಕಡೂರು ಕಡೆ. ತಾತ ನಕ್ಕು, "ಅಲ್ಲ ಕಣೋ ಮಗ, ಇಲ್ಲದ ಊರು ಕಟ್ಟೋದು ಹೇಗೆ ಅಂತ ಬೆಂಗಳೂರಲ್ಲಿ ಕೂತು ಯೋಚನೆ ಮಾಡ್ತಿದೀಯ. ನಮ್ಮ ದೇವನೂರಿನ ಲಕ್ಷ್ಮೀಶ ಎಷ್ಟು ಊರು ಕಟ್ಟಿದಾನೆ, ಎಣಿಸಿದೀಯಾ?" ಅಂದರು. ಎಣಿಸಿರಲಿಲ್ಲ. ಈ ಲೇಖನ ಆ ಎಣಿಕೆಯಿಂದ ಹುಟ್ಟಿದ್ದು.

ಯಾರು ಈ ಲಕ್ಷ್ಮೀಶ?

ಕಡೂರು ತಾಲ್ಲೂಕಿನಲ್ಲಿ ದೇವನೂರು ಅನ್ನೋ ಊರಿದೆ. ಅಲ್ಲೊಂದು ಲಕ್ಷ್ಮೀಕಾಂತನ ಗುಡಿ. ಆ ದೇವರನ್ನ ನೆನೆಯುತ್ತ, ತನ್ನ ಊರನ್ನ ದೇವಪುರ ಅಂತ ಕರೆಯುತ್ತ 'ಜೈಮಿನಿ ಭಾರತ' ಬರೆದವನು ಲಕ್ಷ್ಮೀಶ. ಒಟ್ಟು 34 ಸಂಧಿಗಳು, ವಾರ್ಧಕ ಷಟ್ಪದಿ. ಲೆಕ್ಕ ಇಷ್ಟಪಡೋರಿಗೆ ಹೇಳ್ತೀನಿ: ಆರು ಸಾಲಿನ ಪದ್ಯ, ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ತಲಾ 20 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ ತಲಾ 32. ಪದ್ಯ ಒಂದಕ್ಕೆ 144 ಮಾತ್ರೆ. ಕಾವ್ಯದ ಉದ್ದಕ್ಕೂ ಆತ ಈ ಲೆಕ್ಕ ಹಿಡಿದುಕೊಂಡು ಹೋಗ್ತಾನೆ.

ಕಥೆ ಸರಳ. ಕುರುಕ್ಷೇತ್ರ ಮುಗಿದಿದೆ, ಧರ್ಮರಾಯನಿಗೆ ಮನಸ್ಸಿಗೆ ಸಮಾಧಾನವಿಲ್ಲ, ಅಶ್ವಮೇಧ ಯಾಗ ಮಾಡಬೇಕು. ಒಂದು ಕುದುರೆ ಬಿಡ್ತಾರೆ. ಅದು ಹೋದ ಕಡೆಯೆಲ್ಲ ಅರ್ಜುನ ಸೈನ್ಯದ ಸಮೇತ ಹಿಂದೆ ಹೋಗಬೇಕು. ಕುದುರೆಯ ಹಣೆಗೆ ಒಂದು ಪಟ್ಟಿ, ಅದರಲ್ಲಿ ಸವಾಲು: ತಾಕತ್ತಿದ್ದರೆ ಕಟ್ಟಿಹಾಕಿ, ಇಲ್ಲದಿದ್ದರೆ ಕಪ್ಪ ಕೊಡಿ. ಕುದುರೆಗೆ ದಾರಿ ಹೇಳೋರು ಯಾರೂ ಇಲ್ಲ. ಹಾಗಾಗಿ ಒಂದರ ಹಿಂದೆ ಒಂದು ಹೊಸ ಊರು ಎದುರಾಗುತ್ತೆ. ನಮ್ಮ ಗೇಮ್‌ಗಳಲ್ಲಿ ಲೆವೆಲ್ ಬದಲಾದ ಹಾಗೆ.

ಈ ಊರುಗಳ ಹೆಸರುಗಳನ್ನೆಲ್ಲ ಲಕ್ಷ್ಮೀಶನೇ ಹುಟ್ಟಿಸಿದ ಅಂತ ನಾನು ಹೇಳ್ತಿಲ್ಲ. ಅವು ಸಂಸ್ಕೃತದ ಜೈಮಿನಿ ಭಾರತದಿಂದ ಬಂದವು. ಆದರೆ ಕನ್ನಡ ಕೇಳೋ ಕಿವಿಗೆ ಅವುಗಳನ್ನ ಮತ್ತೆ ಕಟ್ಟಿಕೊಟ್ಟವನು ಅವನು. ಗಮಕಿಗಳು ಇದನ್ನ ಊರೂರಲ್ಲಿ ಓದಿದರು, ಯಕ್ಷಗಾನದೋರು ಪ್ರಸಂಗ ಮಾಡಿದರು. 1977ರಲ್ಲಿ ರಾಜ್‌ಕುಮಾರ್ ಅಭಿನಯದ 'ಬಭ್ರುವಾಹನ' ಸಿನಿಮಾದಲ್ಲಿ ನೀವು ನೋಡಿದ ಮಣಿಪುರವೂ ಈ ಅಶ್ವಮೇಧದ ಕಥೆಯದೇ.

ಬಾಗಿಲಿಗೆ ಹೆಸರು ಬರೋದು ಹೇಗೆ?

ಕಾವ್ಯದೊಳಗೆ ಹೋಗೋ ಮೊದಲು ನಿಜವಾದ ಊರಿನ ಬಾಗಿಲು ನೋಡೋಣ. ಕವಿಗಳು ಕಲ್ಪನೆ ಮಾಡಿದ್ದೂ ಕಣ್ಣಿಗೆ ಕಂಡದ್ದನ್ನ ಇಟ್ಟುಕೊಂಡೇ.

ಹಳೇ ಕನ್ನಡ ಊರಿಗೆ ಎರಡು ಭಾಗ: ಕೋಟೆ ಮತ್ತು ಪೇಟೆ. ಕೋಟೆಯಲ್ಲಿ ಅಧಿಕಾರ, ಪೇಟೆಯಲ್ಲಿ ವ್ಯಾಪಾರ. ಸುತ್ತ ನೀರು ನಿಲ್ಲೋ ಕಂದಕ, ಅದಕ್ಕೆ ಹಳೆಯ ಹೆಸರು ಅಗಳು. ಗೋಡೆಯಿಂದ ಮುಂದಕ್ಕೆ ಚಾಚಿದ ದುಂಡನೆಯ ಭಾಗ ಕೊತ್ತಳ. ಗೋಡೆಯ ನೆತ್ತಿಯ ಮೇಲಿನ ಹಲ್ಲಿನಂಥ ಸಾಲು ತೆನೆ. ದೊಡ್ಡ ದ್ವಾರ ಹೆಬ್ಬಾಗಿಲು, ಒಬ್ಬಿಬ್ಬರು ನುಸುಳೋ ಸಣ್ಣದು ದಿಡ್ಡಿ ಬಾಗಿಲು. ಈ ಪದಗಳೆಲ್ಲ ನಮ್ಮಲ್ಲಿದ್ದೂ ನಾನು ಮ್ಯಾಪ್‌ನಲ್ಲಿ ನಾಲ್ಕಕ್ಕೂ 'ಗೇಟ್' ಅಂತಲೇ ಬರೆದಿದ್ದೆ.

ಹೆಸರಿನ ವಿಷಯಕ್ಕೆ ಬನ್ನಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಗೆ ಹಲಸೂರು, ಯಲಹಂಕ, ಆನೇಕಲ್ ಬಾಗಿಲುಗಳಿದ್ದವು. ಹಲಸೂರು ಬಾಗಿಲಿದ್ದ ಜಾಗ ನಿಜವಾದ ಹಲಸೂರಿನಿಂದ ಎಷ್ಟು ದೂರ ಗೊತ್ತಲ್ಲ! ಬಾಗಿಲೇ ಹೋಗಿ ಎಷ್ಟೋ ಕಾಲ ಆದರೂ 'ಹಲಸೂರು ಗೇಟ್' ಅಂತ ಪೊಲೀಸ್ ಠಾಣೆ ಇವತ್ತಿಗೂ ಇದೆ. ಶ್ರೀರಂಗಪಟ್ಟಣದಲ್ಲೂ ಅಷ್ಟೆ, ಮೈಸೂರು ಬಾಗಿಲು, ಬೆಂಗಳೂರು ಬಾಗಿಲು. ಅಂದ್ರೆ ಬಾಗಿಲಿಗೆ ಹೆಸರು ಬರೋದು ಅದು ಇರೋ ಜಾಗದಿಂದಲ್ಲ, ಅಲ್ಲಿಂದ ಹೊರಟರೆ ಸಿಗೋ ಊರಿಂದ. ಒಂದು ಊರಿನ ಬಾಗಿಲುಗಳ ಹೆಸರು ಓದಿದರೆ ಸಾಕು, ಆ ಊರು ಯಾರ ಜೊತೆ ವ್ಯವಹಾರ ಮಾಡ್ತಿತ್ತು ಅಂತ ತಿಳಿಯುತ್ತೆ.

ಒಳಗಿನ ಪೇಟೆಗಳ ಹೆಸರಿನದು ಇನ್ನೊಂದು ಲೆಕ್ಕ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ: ಅಲ್ಲಿ ಏನು ಮಾರ್ತಾರೆ, ಯಾರು ದುಡೀತಾರೆ ಅನ್ನೋದೇ ಹೆಸರು. ಬಾಗಿಲು ಹೊರಗಿನ ಕಡೆ ಕೈ ತೋರಿಸುತ್ತೆ, ಪೇಟೆ ಒಳಗಿನ ದುಡಿಮೆ ತೋರಿಸುತ್ತೆ.

ಬಾಗಿಲಿನ ರಚನೆಗೂ ಕಾರಣ ಇದೆ. ಅಜ್ಜಂಪುರದಿಂದ ಪೂರ್ವಕ್ಕೆ ಹೋದರೆ ಚಿತ್ರದುರ್ಗದ ಸೀಮೆ. ಏಳು ಸುತ್ತಿನ ಕೋಟೆ ಹತ್ತಿದೋರಿಗೆ ಗೊತ್ತು, ಬಾಗಿಲುಗಳು ಒಂದೇ ಗೆರೆಯಲ್ಲಿಲ್ಲ. ಒಂದು ದಾಟಿ ತಿರುಗಬೇಕು, ಮತ್ತೆ ತಿರುಗಬೇಕು. ಆನೆ ಓಡಿ ಬಂದು ಕದಕ್ಕೆ ಗುದ್ದಬೇಕಾದರೆ ವೇಗ ಬೇಕು, ವೇಗಕ್ಕೆ ನೇರ ದಾರಿ ಬೇಕು. ದಾರಿಯನ್ನೇ ಮುರಿದರೆ ಆನೆಯ ಬಲ ಅರ್ಧ ಆದ ಹಾಗೆ. ಫಿಸಿಕ್ಸ್ ಪುಸ್ತಕ ಇಲ್ಲದೆ ಮಾಡಿದ ಫಿಸಿಕ್ಸ್ ಇದು. ಅದೇ ಕೋಟೆಯಲ್ಲಿ ಎಲ್ಲರ ಬಾಯಲ್ಲೂ ಉಳಿದಿರೋದು ಮಾತ್ರ ಹೆಬ್ಬಾಗಿಲಲ್ಲ, ಒಂದು ಕಿಂಡಿ. ಓಬವ್ವ ಒನಕೆ ಹಿಡಿದು ನಿಂತ ಕಿಂಡಿ.

ಕುದುರೆ ಹೊಕ್ಕ ಊರುಗಳು

ಈಗ ಲಕ್ಷ್ಮೀಶನ ಊರುಗಳಿಗೆ ಹೋಗೋಣ. ಹಳೇ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆ ಇರಬೇಕು ಅನ್ನೋ ನಿಯಮವಿತ್ತು. ಅದರಲ್ಲಿ ನಗರ ವರ್ಣನೆಯೂ ಒಂದು. ಹಾಗಾಗಿ ಎಲ್ಲ ಕವಿಗಳ ಊರಲ್ಲೂ ಮುಗಿಲು ಮುಟ್ಟೋ ಗೋಪುರ, ರತ್ನದ ಅಂಗಡಿ, ಕಮಲದ ಕೊಳ ಇರುತ್ತೆ. ಬರೀ ಅಷ್ಟೇ ಆಗಿದ್ದರೆ ಒಂದು ಊರಿಗೂ ಇನ್ನೊಂದಕ್ಕೂ ವ್ಯತ್ಯಾಸ ನೆನಪಿರ್ತಿರಲಿಲ್ಲ. ಜೈಮಿನಿ ಭಾರತದ ಊರುಗಳು ನೆನಪಿರೋದಕ್ಕೆ ಬೇರೆ ಕಾರಣ ಇದೆ: ಒಂದೊಂದು ಊರಿಗೂ ಒಂದೊಂದು ಕಟ್ಟಳೆ. ಕುದುರೆ ಬಾಗಿಲಿಗೆ ಬಂದಾಗ ಆ ಕಟ್ಟಳೆಗೆ ಪರೀಕ್ಷೆ. ನಾವು ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಓದೋ ಗೇಟ್ ಇದ್ದ ಹಾಗೇ: ಷರತ್ತು ಕೂಡಿದರೆ ಮಾತ್ರ ಆಚೆ ಕಡೆ ದೀಪ ಹತ್ತುತ್ತೆ.

ಮೊದಲನೆಯದು ಭದ್ರಾವತಿ, ಯೌವನಾಶ್ವನ ಊರು. ಯಾಗಕ್ಕೆ ಬೇಕಾದ ಕುದುರೆ ಇರೋದೇ ಇಲ್ಲಿ. ಭೀಮ, ಕರ್ಣನ ಮಗ ವೃಷಕೇತು, ಘಟೋತ್ಕಚನ ಮಗ ಮೇಘನಾದ ಮೂವರೂ ತರೋಕೆ ಹೋಗ್ತಾರೆ. ಅವರು ಬಾಗಿಲು ಒಡೆಯೋದಿಲ್ಲ. ಕುದುರೆಗೆ ನೀರು ಕುಡಿಸೋಕೆ ಕಾವಲಿನ ಸಮೇತ ಊರ ಹೊರಗಿನ ಕೆರೆಗೆ ಕರ್ಕೊಂಡು ಬರ್ತಾರಲ್ಲ, ಅಲ್ಲಿ ಕಾಯ್ತಾರೆ. ಎಂಥ ಗಟ್ಟಿ ಕೋಟೆಯಾದರೂ ನೀರಿಗೆ ಹೊರಗೆ ಬರಲೇಬೇಕು, ಅಲ್ವಾ? ನನ್ನ ಗೆಳತಿಯ ಮೊದಲ ಪ್ರಶ್ನೆ ಇಲ್ಲಿತ್ತು. (ತರೀಕೆರೆ ದಾಟಿದರೆ ಸಿಗೋ ಭದ್ರಾವತಿಗೂ ಈ ಊರಿಗೂ ಸಂಬಂಧ ಕಟ್ಟಬೇಡಿ. ಉಕ್ಕಿನ ಕಾರ್ಖಾನೆಯ ಆ ಊರಿನ ಹಳೇ ಹೆಸರು ಬೆಂಕಿಪುರ, ಈಗಿನ ಹೆಸರು ಭದ್ರಾ ಹೊಳೆಯದು.)

ಮುಂದೆ ಮಾಹಿಷ್ಮತಿ. ಹೌದು, 'ಬಾಹುಬಲಿ' ಸಿನಿಮಾದೋರು ತಗೊಂಡ ಹೆಸರೇ. ಲಕ್ಷ್ಮೀಶನ ಮಾಹಿಷ್ಮತಿಯ ದೊರೆ ನೀಲಧ್ವಜ. ಅವನ ಮಗಳು ಸ್ವಾಹೆಯನ್ನ ಮದುವೆಯಾದ ಅಗ್ನಿದೇವ ಮನೆ ಅಳಿಯನಾಗಿ ಅಲ್ಲೇ ಇದ್ದಾನೆ. ಹೊರಗಿನ ಸೈನ್ಯ ಬಂದರೆ ಕೋಟೆ ಕಾಯೋದು ಬೆಂಕಿ. ಇಂಥದೇ ಇನ್ನೊಂದು ಊರು ವೀರವರ್ಮನ ಸಾರಸ್ವತಪುರ. ಅಲ್ಲಿ ಅಳಿಯ ಯಮಧರ್ಮ! ಮಾವನ ಪರವಾಗಿ ಯಮನೇ ಯುದ್ಧಕ್ಕಿಳಿದರೆ ಎದುರಿಗಿರೋರ ಗತಿ ಏನು? ಎರಡು ಊರಲ್ಲೂ ರಕ್ಷಣೆ ಬಂದಿರೋದು ಗೋಡೆಯಿಂದಲ್ಲ, ನೆಂಟಸ್ತನದಿಂದ. ಹಳೇ ಕಾಲದ ಎಷ್ಟೋ ನಿಜವಾದ ರಾಜ್ಯಗಳು ಉಳಿದದ್ದೂ ಹಾಗೇ, ಹೆಣ್ಣು ಕೊಟ್ಟು ತಂದು.

ಮೂರನೆಯದು ಹಂಸಧ್ವಜನ ಚಂಪಕಾಪುರಿ. ಇಲ್ಲಿನ ಕಟ್ಟಳೆ ಸಮಯದ್ದು. ಯುದ್ಧಕ್ಕೆ ಡಂಗುರ ಹೊಡೆಸಿದ ಮೇಲೆ ತಡವಾಗಿ ಬಂದೋರನ್ನ ಕುದಿಯೋ ಎಣ್ಣೆ ಕೊಪ್ಪರಿಗೆಗೆ ಹಾಕಬೇಕು, ಯಾರೇ ಆಗಲಿ. ತಡವಾಗಿ ಬಂದವನು ರಾಜನ ಮಗ ಸುಧನ್ವ, ಹೆಂಡತಿ ಪ್ರಭಾವತಿಯನ್ನ ಬಿಟ್ಟು ಬರೋಕೆ ಹೊತ್ತಾಯಿತು. ಈಗ ಅಪ್ಪ ಏನು ಮಾಡಬೇಕು? ಕಾನೂನು ಬರೆದವನ ಮನೆ ಬಾಗಿಲಿಗೇ ಕಾನೂನು ಬಂದು ನಿಂತಿದೆ. ಹಂಸಧ್ವಜ ಹಿಂಜರಿದಾಗ ಪುರೋಹಿತರು ಮುನಿಸಿಕೊಳ್ತಾರೆ, ಕೊನೆಗೆ ಸುಧನ್ವನನ್ನ ಎಣ್ಣೆಗೆ ಇಳಿಸ್ತಾರೆ. ಎಣ್ಣೆ ಅವನನ್ನ ಸುಡಲ್ಲ ಅನ್ನೋದು ಭಕ್ತಿಯ ಕಥೆ. ನನಗೆ ಮುಖ್ಯ ಅನಿಸಿದ್ದು ಆ ಊರಿನ ಬೀದಿ ಅಂಗಡಿಗಳ ಬಗ್ಗೆ ಒಂದು ಮಾತೂ ಹೇಳದೆ, ಈ ಒಂದು ಕಟ್ಟಳೆಯಿಂದಲೇ ಆ ಊರಲ್ಲಿ ಬದುಕೋದು ಹೇಗಿರುತ್ತೆ ಅಂತ ಗೊತ್ತಾಗಿಬಿಡೋದು.

ಆಮೇಲೆ ಪ್ರಮೀಳೆಯ ಸ್ತ್ರೀರಾಜ್ಯ. ಹೆಣ್ಣುಮಕ್ಕಳದೇ ಊರು, ಹೆಣ್ಣುಮಕ್ಕಳದೇ ಸೈನ್ಯ, ಹೊರಗಿಂದ ಬಂದ ಗಂಡಸು ಅಲ್ಲಿ ಬಹಳ ದಿನ ಬದುಕಲ್ಲ. ಅರ್ಜುನನ ಬಿಲ್ಲು ಇಲ್ಲಿ ನಡೆಯಲಿಲ್ಲ, ಮದುವೆಗೆ ಒಪ್ಪಿಕೊಂಡ ಮೇಲೇನೇ ಕುದುರೆ ಬಿಡ್ತಾರೆ. ಆಮೇಲೆ ಮಣಿಪುರ, ಅಲ್ಲಿ ಎದುರು ನಿಂತವನು ಸ್ವಂತ ಮಗ ಬಭ್ರುವಾಹನ. ಅಪ್ಪ ಸಾಯ್ತಾನೆ, ಅವನನ್ನ ಬದುಕಿಸೋ ಮಣಿ ತರೋಕೆ ಮಗ ನಾಗಲೋಕಕ್ಕೆ ಹೋಗಿ ಹೋರಾಡಬೇಕು. ಅಂದ್ರೆ ಈ ಊರಿಗೆ ಕೆಳಗೂ ಒಂದು ಬಾಗಿಲಿದೆ, ಪಾತಾಳದ ಕಡೆಗೆ. ಮಯೂರಧ್ವಜನ ರತ್ನಪುರದಲ್ಲಿ ಕಟ್ಟಳೆ ದಾನದ್ದು: ಬ್ರಾಹ್ಮಣನ ವೇಷದಲ್ಲಿ ಬಂದ ಕೃಷ್ಣ ರಾಜನ ಅರ್ಧ ದೇಹ ಕೇಳಿದಾಗಲೂ ಅಲ್ಲಿ ಇಲ್ಲ ಅನ್ನೋ ಮಾತಿಲ್ಲ.

ಗಮನಿಸಿ, ಇಷ್ಟು ಊರುಗಳಲ್ಲಿ ಬರೀ ಗೋಡೆಯನ್ನ ನಂಬಿಕೊಂಡ ಊರು ಒಂದೂ ಇಲ್ಲ.

ಊರ ಹೊರಗಿನ ಮೂರು ಜಾಗ

ಕೊನೆಗೆ ಬರೋ ಚಂದ್ರಹಾಸನ ಕಥೆಯಲ್ಲಿ ಲಕ್ಷ್ಮೀಶ ಇನ್ನೊಂದು ಪಾಠ ಹೇಳ್ತಾನೆ. ಕುಂತಳಪುರದ ಮಂತ್ರಿ ದುಷ್ಟಬುದ್ಧಿ, ಚಂದ್ರಹಾಸನಿಗೆ ವಿಷ ಕೊಡು ಅಂತ ಮಗನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸ್ತಾನೆ. ಹುಡುಗ ಊರು ಮುಟ್ಟೋ ಮೊದಲು ದಣಿದು ಹೊರಗಿನ ತೋಪಿನಲ್ಲಿ ಮಲಗ್ತಾನೆ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಪತ್ರ ಓದಿ, 'ವಿಷವ' ಅಂತ ಇದ್ದದ್ದನ್ನ 'ವಿಷಯೆ' ಅಂತ ತಿದ್ದಿಬಿಡ್ತಾಳೆ. ಸಾವಿನ ಪತ್ರ ಮದುವೆಯ ಪತ್ರ ಆಯಿತು. ಮಂತ್ರಿ ಸುಮ್ಮನಿರ್ತಾನಾ? ಊರ ಹೊರಗಿನ ಕಾಳಿಯ ಗುಡಿಗೆ ಅಳಿಯನನ್ನ ಕಳಿಸಿ ಕೊಲ್ಲಿಸೋಕೆ ನೋಡ್ತಾನೆ, ಅಲ್ಲಿ ಸಾಯೋದು ಅವನ ಸ್ವಂತ ಮಗ ಮದನ.

ಕಥೆಯ ಎರಡು ತಿರುವೂ ಬಾಗಿಲಿನ ಆಚೆ. ಭದ್ರಾವತಿಯ ಕೆರೆಯನ್ನೂ ಸೇರಿಸಿದರೆ ಮೂರು ಜಾಗ ಆಯಿತು: ಕೆರೆ, ತೋಪು, ಹೆಣ್ಣುದೇವರ ಗುಡಿ. ಇದು ಯಾವ ಕಲ್ಪನೆಯ ಊರು ಹೇಳಿ? ಕಡೂರು, ಬೀರೂರು, ತರೀಕೆರೆ, ಯಾವ ಕಡೆ ಹೋದರೂ ಹಳ್ಳಿಯ ಅಂಚಿನಲ್ಲಿ ಸಿಗೋವು ಇವೇ ಮೂರು. ತರೀಕೆರೆಯ ಹೆಸರಲ್ಲೇ ಕೆರೆ ಇದೆ.

ಲಕ್ಷ್ಮೀಶನಿಗಿಂತ ಮೊದಲೂ ಈ ಸೀಮೆ ಅಂಥ ಕವಿಯನ್ನ ಕಂಡಿದೆ. ತರೀಕೆರೆ ಹತ್ತಿರದ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರದ್ದು, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಅದೇ ಜನ್ನ ಮುಂದೆ 1209ರಲ್ಲಿ 'ಯಶೋಧರ ಚರಿತೆ' ಬರೆದ. ಅದೂ ಶುರುವಾಗೋದು ಒಂದು ಊರಿನ ಹೊರಗಿರೋ ಮಾರಿಯ ಗುಡಿಯಿಂದ, ಬಲಿಗೆ ಎಳೆದು ತಂದ ಇಬ್ಬರು ಎಳೆಯರಿಂದ. ಊರೊಳಗೆ ನಡೆಯಬಾರದ್ದು, ಊರೊಳಗೆ ಹೇಳೋಕೆ ಆಗದ್ದು, ಎಲ್ಲಾ ಬಾಗಿಲಿನ ಆಚೆ ನಡೆಯುತ್ತೆ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ನಾಲ್ಕನೇ ಜಾಗವೊಂದನ್ನ ಅಜ್ಜಂಪುರ ನೆನಪಿಸುತ್ತೆ: ಹುಲ್ಲು. ಅಜ್ಜಂಪುರ ಅಂದ್ರೆ ಅಮೃತಮಹಲ್ ದನಗಳ ತಳಿ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೈದರ್, ಟಿಪ್ಪುವಿನ ಫಿರಂಗಿಗಳನ್ನ ಎಳೆದದ್ದು ಇದೇ ತಳಿಯ ಎತ್ತುಗಳು. ಅವು ಮೇಯೋಕೆ ಅಂತಲೇ ಬಿಟ್ಟ ಹುಲ್ಲುಗಾವಲಿಗೆ ಇಲ್ಲಿ ಕಾವಲು ಅಂತಾರೆ. ಫ್ಯಾಂಟಸಿ ಮ್ಯಾಪ್‌ಗಳಲ್ಲಿ ಹತ್ತು ಸಾವಿರ ಕುದುರೆಯ ಸೈನ್ಯ ಇರುತ್ತೆ, ಆ ಕುದುರೆಗಳು ಏನು ತಿಂತಾವೆ ಅಂತ ಮಾತ್ರ ಎಲ್ಲೂ ಇರಲ್ಲ. ಕೋಟೆಯ ಕಲ್ಲಿನಷ್ಟೇ ಮುಖ್ಯ ಹೊರಗಿನ ಕಾವಲು.

ಮ್ಯಾಪ್‌ನಲ್ಲಿ ಕಾಣದ ಕೇರಿ

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರು. ಹಳೇ ನಗರ ವರ್ಣನೆಗಳಲ್ಲಿ ಅರಮನೆ ಇದೆ, ಅಂಗಡಿ ಬೀದಿ ಇದೆ, ಸೂಳೆಗೇರಿ ಇದೆ, ಉದ್ಯಾನ ಇದೆ. ಅಗಳು ತೋಡಿದೋರು, ಕಲ್ಲು ಹೊತ್ತೋರು, ಬೀದಿ ಗುಡಿಸಿದೋರು, ಸತ್ತ ದನ ಎಳೆದೋರು ಎಲ್ಲಿದ್ದರು ಅಂತ ಹುಡುಕಿದರೆ ಸಿಗೋದು ಕಷ್ಟ. ನಮ್ಮ ನಿಜವಾದ ಊರುಗಳಲ್ಲಿ ಅವರ ಕೇರಿ ಇದ್ದದ್ದು ಊರುಬಾಗಿಲಿನ ಆಚೆ. ನೀರಿಗೆ ಕೆರೆಯ ಬೇರೆ ಮೂಲೆ, ದೇವರಿಗೆ ಗುಡಿಯ ಹೊರಗಿನ ಜಾಗ. ಬಾಗಿಲು ಶತ್ರುವನ್ನ ತಡೆದದ್ದು ಯಾವತ್ತೋ ಒಂದು ದಿನ, ಊರಿನ ತನ್ನದೇ ಜನರನ್ನ ತಡೆದದ್ದು ದಿನಾಲೂ.

ನಾನು ಮ್ಯಾಪ್‌ನಲ್ಲಿ 'ಕಳ್ಳರ ಬಡಾವಣೆ' ಅಂತ ಬರೆದಿದ್ದೆನಲ್ಲ, ಇದು ಹೊಳೆದ ಮೇಲೆ ಅದನ್ನ ನೋಡೋಕೆ ನಾಚಿಕೆ ಆಯಿತು. ಒಂದು ಜಾಗದಲ್ಲಿ ಹುಟ್ಟಿದೋರೆಲ್ಲ ಕಳ್ಳರು ಅಂತ ಒಂದು ಹೆಸರಲ್ಲೇ ತೀರ್ಪು ಕೊಟ್ಟಿದ್ದೆ. ಗೇಮ್ ಅಷ್ಟೇ ತಾನೆ ಅನ್ನಬಹುದು. ಆದರೆ ಇಲ್ಲದ ಊರು ಕಟ್ಟುವಾಗಲೂ ನಾವು ಇರೋ ಊರಿನ ಅಭ್ಯಾಸವನ್ನೇ ತಗೊಂಡು ಹೋಗ್ತೀವಿ, ಗೊತ್ತಿಲ್ಲದೇನೇ.

ಮತ್ತೆ ಬರೆದ ಮ್ಯಾಪ್

ಹೊಸದಾಗಿ ಕೂತಾಗ ಗೋಡೆ ಬರೆಯೋದನ್ನ ಕೊನೆಗೆ ಇಟ್ಟೆ. ಮೊದಲು ಕೆರೆ, ಅದರ ಏರಿ, ನೀರು ಬಿಡೋಕೆ ತೂಬು, ಹೆಚ್ಚಾದ ನೀರು ಹರಿಯೋಕೆ ಕೋಡಿ. ತೂಬೂ ಒಂದು ಬಾಗಿಲೇ ಅಲ್ವಾ, ಅದನ್ನ ಯಾರು ಎತ್ತಬೇಕು ಅನ್ನೋದಕ್ಕೇ ಎಷ್ಟು ಜಗಳ! ಆಮೇಲೆ ಕಾವಲು, ತೋಪು, ಗುಡಿ. ಆಮೇಲೆ ಬಾಗಿಲು, ನಾಲ್ಕಲ್ಲ, ಮೂರು: ನಾಲ್ಕನೇ ದಿಕ್ಕಿಗೆ ಹೋಗೋಕೆ ಊರೇ ಇರಲಿಲ್ಲ. ಮೂರಕ್ಕೂ ಆಚೆ ಸಿಗೋ ಊರಿನ ಹೆಸರು. ಒಂದು ದಿಡ್ಡಿ ಬಾಗಿಲು, ಅದು ಯಾರಿಗೆ ಅಂತ ಆಟಗಾರರೇ ಕಂಡುಹಿಡೀಬೇಕು. ಕೊನೆಗೆ ಊರಿಗೊಂದು ಕಟ್ಟಳೆ, ಅದನ್ನ ಮಾಡಿದವನ ಮನೆಗೇ ಒಂದು ದಿನ ತಿರುಗಿ ಬರೋವಂಥದ್ದು. ಕಳ್ಳರ ಬಡಾವಣೆ ತೆಗೆದು ಹಾಕಿದೆ. ಅಲ್ಲಿ ಈಗ ಕಲ್ಲುಕುಟಿಗರ ಕೇರಿ ಇದೆ, ಬಾಗಿಲಿನ ಒಳಗೆ.

ತಾತನಿಗೆ ಈಗ ಕಣ್ಣು ಮಂಜು. ಮೊದಲು ಅವರು ಓದ್ತಿದ್ದರು, ಮನೆಯೋರು ಕೇಳ್ತಿದ್ದರು. ಈಗ ಭಾನುವಾರ ಫೋನಲ್ಲಿ ನಾನು ಓದ್ತೀನಿ, ಅವರು ಕೇಳ್ತಾರೆ. ಪದ ಬಿಡಿಸೋದು ನನಗೆ ಸರಿಯಾಗಿ ಬರಲ್ಲ, ಒಂದು ಪದ್ಯಕ್ಕೆ ಮೂರು ಸಲ ಎಡವುತ್ತೀನಿ. ಅರ್ಥ ಇರೋ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡರೆ ನಿಮಗೂ ಓದೋಕಾಗುತ್ತೆ, ಹೆದರಬೇಡಿ. ಮೊದಲ ಸಲಕ್ಕೆ ಚಂದ್ರಹಾಸನ ಕಥೆ ಸಾಕು.

ಇನ್ನೊಂದು ಸಲ ರೈಲಲ್ಲಿ ಶಿವಮೊಗ್ಗ ಕಡೆಗೋ ಹುಬ್ಬಳ್ಳಿ ಕಡೆಗೋ ಹೊರಟಾಗ ಕಡೂರು ಬಂದರೆ ಮೊಬೈಲ್‌ನಿಂದ ತಲೆ ಎತ್ತಿ. ಬೀರೂರಲ್ಲಿ ಹಳಿ ಕವಲಾಗುತ್ತೆ, ಒಂದು ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಎರಡು ಕಡೆಗೂ ಕಿಟಕಿಯಾಚೆ ಕೆರೆ, ತೋಪು, ಗುಡಿ ಕಾಣ್ತಾವೆ. ಅಲ್ಲಿ ನಿಮ್ಮ ಊರಿಗೆ ಬಾಗಿಲು ಎಲ್ಲಿ ಇಡ್ತೀರಿ ಅಂತ ಯೋಚನೆ ಮಾಡಿ. ಮ್ಯಾಪ್ ಬರೆದರೆ ನಮ್ಮ ಕನ್ನಡ ಸಂಘದ ಗೋಡೆಗೆ ಅಂಟಿಸೋಣ, ತಂದುಕೊಡಿ. ಒಂದೇ ಷರತ್ತು: ನೀರು ಎಲ್ಲಿಂದ ಬರುತ್ತೆ ಅಂತ ತೋರಿಸಿರಬೇಕು.